ಫುಟ್‌ಬಾಲ್ ಹುಡುಗರಿಗೆ ಲೆಕ್ಕದ ಮೇಷ್ಟ್ರು

ಒಂಟಿಯಾಗಿ ಬದುಕುವವನಿಗೆ ನಗೆಪಾಟಲಿನ ಪ್ರಸಂಗಗಳು ಹೆಚ್ಚಾಗಿ ಒದಗುತ್ತವೆ. ಮನೆಯಲ್ಲಿ ಇನ್ನೊಬ್ಬರಿದ್ದರೆ, "ಹಾಗೆಲ್ಲ ಹೇಳಬೇಡಿ, ಜನ ನಗುತ್ತಾರೆ" ಅಂತ ಮೊದಲೇ ಎಚ್ಚರಿಸುತ್ತಾರೆ. ನನಗೆ ಎಚ್ಚರಿಸುವವರು ಯಾರೂ ಇರಲಿಲ್ಲ. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನ್ಯೂಜೆರ್ಸಿಯ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವ ಕೆಲಸ ಸಿಕ್ಕಿತ್ತು. ಕೆಲಸ ಒಂದೊಂದೇ ವರ್ಷದ್ದು. ಪ್ರತಿ ಮಾರ್ಚಿನಲ್ಲಿ ಮುಂದಿನ ವರ್ಷದ ಕಾಗದ ಬರಬೇಕು. ಬರದಿದ್ದರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಮೈಸೂರು. ಒಂದು ಲಾಂಡ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಯಂತ್ರಗಳು ತಿರುಗುವಾಗ ನನ್ನ ತಟ್ಟೆ ಲೋಟಗಳು ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದವು. ಭಾನುವಾರ ಲಾಂಡ್ರಿಗೆ ರಜ, ಅವತ್ತು ಅದೂ ಇಲ್ಲ.

ಅಲ್ಲಿನ ಮೊದಲ ಎರಡು ವರ್ಷಗಳಲ್ಲಿ ಕಾಲೇಜಿನ ಫುಟ್‌ಬಾಲ್ ತಂಡಕ್ಕೂ ನನಗೂ ಏನೇನು ನಡೆಯಿತು ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

೧. ಆಟ ಯಾವಾಗ ಶುರು

ಸೇರಿದ ಮೊದಲ ವಾರವೇ ನಮ್ಮ ವಿಭಾಗದ ಮುಖ್ಯಸ್ಥರು ಕರೆದರು. ಪೈಪ್ ಸೇದುವ, ಕಡಿಮೆ ಮಾತಿನ ಹಿರಿಯರು.

"ನಿಮಗೆ ಫುಟ್‌ಬಾಲ್ ಗೊತ್ತೇ?" ಅಂದರು.

"ಚೆನ್ನಾಗಿ ಗೊತ್ತು ಸರ್. ಮೈಸೂರಿನಲ್ಲಿ ಕಾಲೇಜ್ ತಂಡಕ್ಕೆ ಎರಡು ವರ್ಷ ಆಡಿದ್ದೇನೆ. ಬರಿಗಾಲಲ್ಲಿ."

ಅವರು ಪೈಪನ್ನು ಬಾಯಿಂದ ತೆಗೆದು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಗ ನನ್ನ ತೂಕ ಐವತ್ತೆಂಟು ಕೆಜಿ. "ಬರಿಗಾಲಲ್ಲಿ" ಅಂತ ತಮ್ಮಷ್ಟಕ್ಕೇ ಇನ್ನೊಮ್ಮೆ ಹೇಳಿಕೊಂಡರು. ಆಮೇಲೆ ಕೆಲಸ ಒಪ್ಪಿಸಿದರು. ಫುಟ್‌ಬಾಲ್ ಆಡುವ ಹುಡುಗರೆಲ್ಲ ಸಂಖ್ಯಾಶಾಸ್ತ್ರದ ಒಂದು ಕೋರ್ಸು ಪಾಸು ಮಾಡಬೇಕು. ನೂರಕ್ಕೆ ಅರವತ್ತು ಬರದಿದ್ದರೆ ತಂಡದಲ್ಲಿ ಆಡುವ ಅರ್ಹತೆ ಹೋಗುತ್ತದೆ. ತರಗತಿಯಲ್ಲಿ ಪಾಠ ಮಾಡುವುದಲ್ಲದೆ ಮಂಗಳವಾರ ಗುರುವಾರ ಮಧ್ಯಾಹ್ನ ಅವರಿಗೆ ಟ್ಯೂಷನ್ನನ್ನೂ ನಾನೇ ಹೇಳಬೇಕು. ಕ್ರೀಡಾಂಗಣದ ಮೆಟ್ಟಿಲುಗಳ ಅಡಿಯಲ್ಲಿ ಅದಕ್ಕೊಂದು ಕೋಣೆ. ಈ ಕೆಲಸದಿಂದ ಉಳಿದ ಮೇಷ್ಟ್ರುಗಳೆಲ್ಲ ತಪ್ಪಿಸಿಕೊಂಡು ಓಡಿದ್ದರು ಅಂತ ನನಗೆ ಗೊತ್ತಾದದ್ದು ಆಮೇಲೆ.

ಮಂಗಳವಾರ ಸ್ವಲ್ಪ ಬೇಗನೆ ಹೋದೆ, ಆಟ ನೋಡೋಣವೆಂದು. ಮೈದಾನದಲ್ಲಿ ಹೆಲ್ಮೆಟ್ ಹಾಕಿದ ದೊಡ್ಡ ದೊಡ್ಡ ದೇಹಗಳು ಒಂದರ ಮೇಲೊಂದು ಬಿದ್ದಿದ್ದವು. ಏನೋ ಜಗಳವಾಗಿದೆ, ಯಾರಾದರೂ ಬಿಡಿಸುತ್ತಾರೆ ಅಂದುಕೊಂಡು ನಿಂತೆ. ಎದ್ದರು, ಗುಂಪು ಸೇರಿ ಗುಸುಗುಸು ಮಾತಾಡಿದರು, ರಾಜಿಯಾಯಿತು ಅಂದುಕೊಂಡೆ. ಮತ್ತೆ ಬಿದ್ದರು. ಕಾಲಿನಿಂದ ಚೆಂಡು ಒದ್ದವರು ಒಬ್ಬರೂ ಇಲ್ಲ. ಅಮೆರಿಕದವರ ಫುಟ್‌ಬಾಲ್ ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಬೇರೆಯೇ ಆಟ ಅಂತ ನನಗೆ ಆಗ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೊರಳಿಗೆ ವಿಸಲ್ ಹಾಕಿಕೊಂಡ ಒಬ್ಬರು ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಅವರನ್ನು ಕೇಳಿದೆ:

"ಆಟ ಯಾವಾಗ ಶುರುವಾಗುತ್ತದೆ?"

ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು. ಅವರೇ ಕೋಚ್. ಅದಕ್ಕೆ ಹಿಂದಿನ ಶನಿವಾರವಷ್ಟೇ ತಂಡ ಹೀನಾಯವಾಗಿ ಸೋತಿತ್ತು.

"ಇಡೀ ಊರೇ ನನ್ನನ್ನು ಅದನ್ನೇ ಕೇಳ್ತಿದೆ" ಅಂದರು. "ನೀವು ಯಾವ ಪತ್ರಿಕೆಯವರು?"

೨. ಬಡವಾದ ಅರವತ್ತೇಳು

ನನ್ನ ತರಗತಿಯಲ್ಲಿ ಫುಟ್‌ಬಾಲ್ ಹುಡುಗರು ಹನ್ನೆರಡು ಮಂದಿ. ಎಲ್ಲರಿಗೂ ಒಂದೇ ತರಹದ ಕುತ್ತಿಗೆ, ಒಂದೇ ತರಹದ ಕ್ರಾಪು. ಯಾರು ಯಾರೆಂದು ನನಗೆ ತಿಳಿಯುತ್ತಿರಲಿಲ್ಲ. ಪುಣ್ಯಕ್ಕೆ ಅವರು ತರಗತಿಗೂ ಆಟದ ಜೆರ್ಸಿ ಹಾಕಿಕೊಂಡೇ ಬರುತ್ತಿದ್ದರು. ಎದೆಯ ಮೇಲಿನ ನಂಬರ್ ನೋಡಿ ಹಾಜರಿ ಹಾಕುತ್ತಿದ್ದೆ. ಈ ಅನುಕೂಲದ ಬಗ್ಗೆ ಮುಖ್ಯಸ್ಥರ ಹತ್ತಿರ ಹೇಳಿಕೊಂಡು ಸಂತೋಷಪಟ್ಟೆ ಕೂಡ. ಮಾತು ಕೋಚ್ ಆಫೀಸಿನವರೆಗೆ ಹೋಗಿರಬೇಕು.

ಅಕ್ಟೋಬರಿನಲ್ಲಿ ಪರೀಕ್ಷೆ. ಅರವತ್ತೇಳನೇ ನಂಬರಿನ ಹುಡುಗ ತಂಡದ ಗೋಡೆ ಇದ್ದ ಹಾಗೆ. ಎದುರಾಳಿಗಳನ್ನು ತಡೆದು ನಿಲ್ಲಿಸುವುದೇ ಅವನ ಕೆಲಸ, ತೂಕ ನೂರಿಪ್ಪತ್ತು ಕೆಜಿ. ಅವನು ಕೂತರೆ ಕುರ್ಚಿ ಕಾಣುತ್ತಿರಲಿಲ್ಲ. ಅವತ್ತು ಪ್ರಶ್ನೆಪತ್ರಿಕೆ ಹಂಚುತ್ತಾ ಹೋದೆ. ಅರವತ್ತೇಳರ ಜಾಗದಲ್ಲಿ ಕುರ್ಚಿ ಪೂರ್ತಿ ಕಾಣುತ್ತಿತ್ತು. ಅದರಲ್ಲಿ ಕನ್ನಡಕ ಹಾಕಿದ ಒಬ್ಬ ಸಣಕಲ ಕೂತಿದ್ದ. ಜೆರ್ಸಿ ಮಾತ್ರ ಅದೇ. ತೋಳು ಮೊಣಕೈ ದಾಟಿತ್ತು, ಅಂಚು ಮಂಡಿಯ ಹತ್ತಿರ ಬಂದಿತ್ತು, ಅರವತ್ತೇಳು ಹೊಟ್ಟೆಯ ಮೇಲೆ ಮಡಿಸಿಕೊಂಡು ಮಲಗಿತ್ತು.

"ನೀನು ಅರವತ್ತೇಳಾ?" ಅಂದೆ.

"ಹೌದು ಸರ್."

"ಬಡವಾಗಿದ್ದೀಯ."

"ಫ್ಲೂ ಬಂದಿತ್ತು ಸರ್."

ಬರೆಯಲಿಕ್ಕೆ ಬಿಟ್ಟೆ. ನೂರಕ್ಕೆ ತೊಂಬತ್ತಾರು ತೆಗೆದ. ನಿಜವಾದ ಅರವತ್ತೇಳಕ್ಕೆ ಸೊನ್ನೆ ಕೊಟ್ಟು ಮುಖ್ಯಸ್ಥರಿಗೆ ವರದಿ ಬರೆದೆ. ಮರುದಿನ ಕೋಚ್ ನನ್ನ ಆಫೀಸಿಗೆ ಬಂದರು. ಬಾಗಿಲು ಹಾಕಿ, ತಗ್ಗಿದ ದನಿಯಲ್ಲಿ, "ಪ್ರೊಫೆಸರ್, ನಮ್ಮ ಹುಡುಗರ ಮುಖ ನಿಮಗೆ ಗುರುತು ಸಿಗುವುದಿಲ್ಲ ಅಂತ ನೀವೇ ಹೇಳಿದ್ದೀರಿ. ಮತ್ತೆ ಅವನು ಅವನಲ್ಲ ಅಂತ ಹೇಗೆ ಹೇಳುತ್ತೀರಿ?" ಅಂದರು.

"ಮುಖ ಗುರುತು ಸಿಗುವುದಿಲ್ಲ ಸರ್" ಅಂದೆ. "ಅರವತ್ತು ಕೆಜಿ ಗುರುತು ಸಿಗುತ್ತದೆ."

"ತಪ್ಪು ನಮ್ಮದೇ. ಇನ್ನೂ ಸ್ವಲ್ಪ ದಪ್ಪನೆಯವನನ್ನು ಕಳಿಸಬೇಕಿತ್ತು" ಅಂದು ಎದ್ದು ಹೋದರು.

೩. ಕೋಚ್ ಮನೆಯ ಊಟ

ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಕಾಲೇಜ್ ಖಾಲಿ, ಊರು ಖಾಲಿ, ಎಲ್ಲರೂ ತಂತಮ್ಮ ಮನೆಗೆ. ಹಬ್ಬದ ದಿನ ಊರಲ್ಲಿ ಒಂದು ಕಾಫಿ ಅಂಗಡಿಯೂ ತೆರೆದಿರುವುದಿಲ್ಲ ಅಂತ ಬೇರೆಯವರು ಹೇಳಿದ್ದರು. ಹಿಂದಿನ ದಿನವೇ ಬ್ರೆಡ್ಡು ಹಾಲು ತಂದಿಟ್ಟುಕೊಂಡಿದ್ದೆ. ಆಗ ಕೋಚ್ ಅವರಿಂದ ಕರೆ ಬಂತು: "ಪ್ರೊಫೆಸರ್, ಹಬ್ಬದ ದಿನ ಒಬ್ಬರೇ ಇರಬಾರದು. ನಮ್ಮ ಮನೆಗೆ ಊಟಕ್ಕೆ ಬನ್ನಿ."

ಈ ದೇಶಕ್ಕೆ ಬಂದ ಮೇಲೆ ನನ್ನನ್ನು ಮನೆಗೆ ಕರೆದ ಮೊದಲ ಅಮೆರಿಕನ್ ಅವರೇ. ಯಾಕೆ ಕರೆದರು ಅಂತ ನನಗೆ ಅನುಮಾನ ಇರಲಿಲ್ಲವೇ? ಇತ್ತು. ಆದರೂ ಶರಟಿಗೆ ಇಸ್ತ್ರಿ ಹಾಕಿದೆ.

ಒಳ್ಳೆಯ ಮನೆ. ಮೇಜಿನ ಸುತ್ತ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಕೋಚ್ ಅವರ ತಾಯಿ. ತಾಯಿಗೆ ಎಂಬತ್ತು ದಾಟಿತ್ತು, ಕಿವಿ ಮಂದ. ನಾನು ಮಾಂಸ ತಿನ್ನುವುದಿಲ್ಲ ಅಂತ ಯಾರಿಂದಲೋ ತಿಳಿದುಕೊಂಡು ಕೋಚ್ ಹೆಂಡತಿ ನನಗಾಗಿ ಬೇರೆಯಾಗಿ ಆಲೂಗಡ್ಡೆ, ಹುರುಳಿಕಾಯಿ, ಜೋಳ, ಸಿಹಿಗೆಣಸು ಮಾಡಿದ್ದರು. ಬಡಿಸಿದರು. ಬೇಡ ಅಂದರೂ ಇನ್ನೊಮ್ಮೆ ಬಡಿಸಿದರು. ಒಬ್ಬರು ಬಲವಂತ ಮಾಡಿ ಬಡಿಸಿ ಎಷ್ಟು ತಿಂಗಳಾಗಿತ್ತೋ. ಹೆಣ್ಣುಮಕ್ಕಳು ಆನೆಗಳ ಬಗ್ಗೆ ಕೇಳಿದರು. ನಮ್ಮೂರಿನ ಆನೆಗಳ ಬಗ್ಗೆ ಗೊತ್ತಿದ್ದದ್ದು ಗೊತ್ತಿಲ್ಲದ್ದು ಎರಡನ್ನೂ ಹೇಳಿದೆ. ಇವರಿಗಾಗಿ ಏನು ಬೇಕಾದರೂ ಮಾಡಬಹುದು ಅಂತ ಒಂದು ಕ್ಷಣ ನಿಜವಾಗಿ ಅನ್ನಿಸಿತು.

ಕುಂಬಳಕಾಯಿಯ ಸಿಹಿ ಬಂತು. ಕೋಚ್ ಗಂಟಲು ಸರಿಮಾಡಿಕೊಂಡರು. "ಪ್ರೊಫೆಸರ್, ಅರವತ್ತೇಳರ ವಿಷಯ..." ಅಂತ ಮೆಲ್ಲಗೆ ಶುರುಮಾಡಿದರು.

ಅಷ್ಟರಲ್ಲಿ ಅವರ ತಾಯಿ ಚಮಚ ಕೆಳಗಿಟ್ಟರು. ಕಿವಿ ಕೇಳದವರು ಗುಟ್ಟು ಹೇಳುವ ದನಿಯಲ್ಲಿ, ಅಂದರೆ ಬೀದಿಗೆ ಕೇಳುವ ಹಾಗೆ, ಸೊಸೆಯನ್ನು ಕೇಳಿದರು: "ಊಟ ಹಾಕಿ ಮೆತ್ತಗೆ ಮಾಡಬೇಕು ಅಂದಿದ್ದನಲ್ಲ, ಅವರು ಇವರೇನಾ?"

ಅಜ್ಜಿ ನನ್ನ ತಟ್ಟೆಯನ್ನೊಮ್ಮೆ ನೋಡಿ, "ಪಾಪ, ಇವರು ಇನ್ನೂ ಮೆತ್ತಗಾಗಿಲ್ಲ. ಇನ್ನೊಂದು ಚೂರು ಹಾಕು" ಅಂದರು.

೪. ಪ್ರಾಮಾಣಿಕತೆಗೆ ಕಾರಣ

ತಂಡಕ್ಕೆ ಊರಿನ ಕೆಲವು ವ್ಯಾಪಾರಿಗಳ ಬೆಂಬಲವಿತ್ತು. ಅವರಲ್ಲಿ ಒಬ್ಬರು ಕಾರು ಮಾರುವವರು. ಆಟಗಾರರಿಗೆ ಯಾರೂ ಏನನ್ನೂ ಉಡುಗೊರೆ ಕೊಡಬಾರದು ಅಂತ ನಿಯಮ. ಆದರೂ ನಮ್ಮ ಹುಡುಗರು ತರಗತಿಗೆ ಓಡಿಸಿಕೊಂಡು ಬರುತ್ತಿದ್ದ ಕಾರುಗಳು ಮುಖ್ಯಸ್ಥರ ಕಾರಿಗಿಂತ ಹೊಸವು. ಕೇಳಿದರೆ, "ಅಂಕಲ್ ಒಬ್ಬರದ್ದು, ಸಾಲ ತಂದದ್ದು" ಅನ್ನುತ್ತಿದ್ದರು. ಹನ್ನೆರಡು ಜನಕ್ಕೂ ಒಬ್ಬರೇ ಅಂಕಲ್.

ಡಿಸೆಂಬರಿನಲ್ಲಿ ವರ್ಷದ ಪರೀಕ್ಷೆಗೆ ಒಂದು ವಾರ ಮುಂಚೆ ಆ ಅಂಕಲ್ ನನ್ನ ಕೋಣೆಯ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಕೆಂಪು ರಿಬ್ಬನ್ ಕಟ್ಟಿದ ದೊಡ್ಡ ಪೊಟ್ಟಣ. "ಕ್ರಿಸ್‌ಮಸ್ ಶುಭಾಶಯ" ಅಂತ ಮಂಚದ ಮೇಲಿಟ್ಟು, ಹುಡುಗರ ಭವಿಷ್ಯದ ಬಗ್ಗೆ ನಾಲ್ಕು ಮಾತಾಡಿ ಹೋದರು. ಬಿಚ್ಚಿ ನೋಡಿದರೆ ಹೊಗೆಯಲ್ಲಿ ಬೇಯಿಸಿದ ಹಂದಿಯ ತೊಡೆ. ಹೆಚ್ಚುಕಡಿಮೆ ನನ್ನ ತೊಡೆಯಷ್ಟೇ ಇತ್ತು.

ಏನು ಮಾಡುವುದು? ಆಗ ನನಗೆ ಗೊತ್ತಿದ್ದ ಕನ್ನಡದ ಮನೆ ಒಂದೇ. ಲಾಂಗ್ ಐಲೆಂಡಿನ ಜೆರಿಕೋದಲ್ಲಿ ಒಬ್ಬ ಡಾಕ್ಟರು, ಅವರ ಹೆಂಡತಿ, ಇಬ್ಬರೂ ಧಾರವಾಡದವರು. ಎರಡು ತಿಂಗಳಿಗೊಮ್ಮೆ ಬಸ್ಸು, ಆಮೇಲೆ ರೈಲು ಹಿಡಿದು ಹೋಗಿ ಸಾರು ಅನ್ನ ಉಂಡು ಬರುತ್ತಿದ್ದೆ. ಡಾಕ್ಟರ ಹೆಂಡತಿಯನ್ನು ನಾನು ಅತ್ತಿಗೆ ಅನ್ನುತ್ತಿದ್ದೆ, ಅವರು "ವೈನಿ ಅನ್ರಿ, ಅತ್ತಿಗಿ ಅಂದ್ರ ನಂಗ ಯಾರನ್ನೋ ಕರದಂಗ ಆಗ್ತದ" ಅನ್ನುತ್ತಿದ್ದರು. ಅವರಿಗೆ ಫೋನ್ ಮಾಡಿದೆ.

"ವೈನಿ, ಒಂದು ಹಂದಿ ತೊಡೆ ಬಂದಿದೆ."

"ಎಲ್ಲಿಗೆ ಬಂದದ?"

"ನನ್ನ ಮಂಚದ ಮೇಲೆ."

"ಅದನ್ನ ನಮ್ಮನೀಗೆ ಮಾತ್ರ ತರಬ್ಯಾಡ್ರಿ ಮತ್ತ. ಕೊಟ್ಟವರಿಗೇ ವಾಪಸ್ ಕೊಟ್ಟು ಬರ್ರಿ. ಕೊಟ್ಟು, ಸ್ನಾನ ಮಾಡ್ರಿ."

ಹಾಗೇ ಮಾಡಿದೆ. ಪೊಟ್ಟಣವನ್ನು ಎರಡು ಕೈಯಲ್ಲಿ ದೂರ ಹಿಡಿದುಕೊಂಡು, ಹಿಮದಲ್ಲಿ ನಡೆದು, ಕಾರಿನ ಅಂಗಡಿಗೆ ಹೋಗಿ ಗಿರಾಕಿಗಳ ಎದುರಿಗೇ ಮೇಜಿನ ಮೇಲಿಟ್ಟೆ. "ನಾನು ಇದನ್ನು ತೆಗೆದುಕೊಳ್ಳುವಂತಿಲ್ಲ" ಅಂದೆ. ಅಷ್ಟೇ ಅಂದದ್ದು. ಸುದ್ದಿ ಸಂಜೆಯೊಳಗೆ ಕಾಲೇಜ್ ತಲುಪಿತು. ಹಾದಿಯಲ್ಲಿ ಸಿಕ್ಕ ಹಿರಿಯ ಪ್ರಾಧ್ಯಾಪಕರೊಬ್ಬರು ಕೈಕುಲುಕಿ, "ಇಪ್ಪತ್ತು ವರ್ಷದಲ್ಲಿ ಅವರ ಉಡುಗೊರೆ ವಾಪಸ್ ಕೊಟ್ಟವರು ನೀವೊಬ್ಬರೇ" ಅಂದರು. ನಾನು ತಲೆ ತಗ್ಗಿಸಿದೆ. ಅದನ್ನವರು ವಿನಯ ಅಂದುಕೊಂಡರು.

ಇಷ್ಟು ವರ್ಷದ ಮೇಲೆ ಹೇಳಿಬಿಡುತ್ತೇನೆ. ಅವತ್ತು ಆ ಪೊಟ್ಟಣದಲ್ಲಿ ಒಂದು ಜಾಡಿ ಮಾವಿನಮಿಡಿ ಉಪ್ಪಿನಕಾಯಿ ಇದ್ದಿದ್ದರೆ ತಂಡದ ಹನ್ನೆರಡೂ ಹುಡುಗರು ಪ್ರಥಮ ದರ್ಜೆಯಲ್ಲಿ ಪಾಸಾಗುತ್ತಿದ್ದರು.

೫. ಮಸಾಲೆ ಡಬ್ಬಿಗಳ ಆಟ

ಅರವತ್ತೇಳು ಆ ವರ್ಷ ಫೇಲಾದ. ಬೇಸಿಗೆಯಲ್ಲಿ ಮತ್ತೆ ಅದೇ ಕೋರ್ಸು ತೆಗೆದುಕೊಂಡ. ಬೇಸಿಗೆಯಲ್ಲಿ ಕಾಲೇಜಿನಲ್ಲಿ ಉಳಿದವರು ನಾವಿಬ್ಬರೇ ಅನ್ನಬೇಕು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ದಿನವೂ ಎದುರುಬದುರು ಕೂರುತ್ತಿದ್ದೆವು.

ಅವನು ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಯ ಊರಿನವನು, ಬೇಕರಿಯವರ ಮಗ. ಮಾತು ಕಡಿಮೆ. ಒಂದು ದಿನ ತಾನಾಗಿ ಹೇಳಿದ: "ಪ್ರೊಫ್, ಆ ಸಣಕಲನನ್ನು ಕಳಿಸಿದ್ದು ನನಗೆ ಇಷ್ಟ ಇರಲಿಲ್ಲ. ನನಗೆ ಲೆಕ್ಕ ಬರುವುದಿಲ್ಲ ಅಂತ ಕೋಚ್ ಆಫೀಸಿನವರೇ ತೀರ್ಮಾನ ಮಾಡಿಬಿಟ್ಟಿದ್ದರು. ಪರೀಕ್ಷೆ ಯಾವತ್ತು ಅಂತ ಕೂಡ ನನಗೆ ಹೇಳಿರಲಿಲ್ಲ." ಆಮೇಲೆ, "ಅವನಿಗೆ ತೊಂಬತ್ತಾರು ಬಂತಂತೆ. ನನ್ನ ಹೆಸರಲ್ಲಿ ಅಷ್ಟು ಅಂಕ ಯಾವತ್ತೂ ಬಂದಿರಲಿಲ್ಲ. ಆ ಪೇಪರ್ ನನಗೆ ಸಿಗಬಹುದಾ, ಅಮ್ಮನಿಗೆ ಕಳಿಸೋಕೆ?" ಅಂದ. ಕೊಡಲಿಲ್ಲ.

ಆಗಸ್ಟಿನ ಪರೀಕ್ಷೆಯಲ್ಲಿ ಅವನಿಗೆ ಐವತ್ತೆಂಟು ಬಂತು. ಮೂರು ಸಲ ಕೂಡಿಸಿದೆ. ಮೂರು ಸಲವೂ ಐವತ್ತೆಂಟೇ. ಇನ್ನೆರಡು ಬಂದಿದ್ದರೆ ಆಡಬಹುದಿತ್ತು. ಕೋಚ್ ಬಂದು, ಈ ಸಲ ಬಾಗಿಲು ಹಾಕದೆ, "ಎರಡು ಅಂಕಕ್ಕೆ ಈ ಸೀಸನ್ನೇ ಹೋಗುತ್ತದೆ. ಮಾರ್ಚಿನಲ್ಲಿ ನಿಮ್ಮ ಕಾಗದ ಬರುವಾಗ ಅದನ್ನು ನೆನಪಿಡುವವರು ಇದ್ದಾರೆ" ಅಂದರು. ಅವರು ಹೋದ ಮೇಲೆ ನಾಲ್ಕನೇ ಸಲ ಕೂಡಿಸಿದೆ. ಉತ್ತರ ಬದಲಾಗಲಿಲ್ಲ.

ಅರವತ್ತೇಳು ತಂಡದಿಂದ ಹೊರಗೆ ಕೂತ. ಮೊದಲ ಮ್ಯಾಚಿನ ಶನಿವಾರ ಊರೆಲ್ಲ ಕ್ರೀಡಾಂಗಣದಲ್ಲಿತ್ತು. ಮಧ್ಯಾಹ್ನ ನನ್ನ ಮೆಟ್ಟಿಲು ಕಿರುಗುಟ್ಟಿತು. ಬಾಗಿಲು ತೆರೆದರೆ ಅವನೇ ನಿಂತಿದ್ದ, ಕೈಯಲ್ಲಿ ಒಂದು ರೇಡಿಯೋ. "ಹಾಸ್ಟೆಲಿನಲ್ಲಿ ಒಬ್ಬನೇ ಕೇಳೋಕೆ ಆಗ್ತಿಲ್ಲ ಪ್ರೊಫ್" ಅಂದ.

ಒಳಗೆ ಕರೆದೆ. ಇದ್ದ ಒಂದು ಕುರ್ಚಿ ಅವನನ್ನು ತಡೆಯುವ ಹಾಗಿರಲಿಲ್ಲ, ನೆಲದ ಮೇಲೆ ಕೂತ. ಆಟ ನನಗೆ ಅರ್ಥವಾಗುವುದಿಲ್ಲ ಅಂದಾಗ ನನ್ನ ಮಸಾಲೆ ಡಬ್ಬಿಗಳನ್ನೆಲ್ಲ ನೆಲದ ಮೇಲೆ ಜೋಡಿಸಿದ. ಮೆಣಸಿನಪುಡಿ ಅವರ ಕಡೆ, ಧನಿಯ ನಮ್ಮ ಕಡೆ. ಸಾರಿನಪುಡಿಯ ದೊಡ್ಡ ಡಬ್ಬಿಯನ್ನು ಮಧ್ಯದಲ್ಲಿಟ್ಟು, "ಇದು ನಾನು" ಅಂದ. ಆಮೇಲೆ ಅದನ್ನು ಎತ್ತಿ ಪಕ್ಕಕ್ಕಿಟ್ಟ. "ಇವತ್ತು ಇಲ್ಲ."

ಒಂದು ವರ್ಷ ಮೈದಾನದ ಪಕ್ಕದಲ್ಲೇ ಇದ್ದರೂ ತಿಳಿಯದ ಆಟ ಅವತ್ತು ಒಂದು ಗಂಟೆಯಲ್ಲಿ ತಿಳಿಯಿತು. ಉಪ್ಪಿಟ್ಟು ಮಾಡಿದೆ. ಅವನು ನಾಲ್ಕು ಸಲ ಹಾಕಿಸಿಕೊಂಡ. ಬೇಡ ಅಂದರೂ ಬಿಡದೆ ಬಡಿಸಿದೆ ಅನ್ನಲಾರೆ, ಅವನು ಬೇಡ ಅನ್ನಲೇ ಇಲ್ಲ.

ತಂಡ ಗೆದ್ದಿತು. ಕಳೆದ ನಾಲ್ಕು ವರ್ಷದಲ್ಲಿ ಅಷ್ಟು ದೊಡ್ಡ ಗೆಲುವು ಬಂದಿರಲಿಲ್ಲವಂತೆ. ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅವನು ರೇಡಿಯೋ ಆರಿಸಿ ಡಬ್ಬಿಗಳನ್ನು ಒಂದೊಂದಾಗಿ ಎತ್ತಿಟ್ಟ.

"ಪ್ರೊಫ್, ನೀವು ನನ್ನನ್ನು ಫೇಲ್ ಮಾಡಿದ್ದಕ್ಕೆ ಬೇಜಾರಿಲ್ಲ" ಅಂದ. "ಆದರೆ ನಾನಿಲ್ಲದೆ ಗೆಲ್ಲಬಹುದು ಅಂತ ಅವರಿಗೆ ಗೊತ್ತಾಗುವ ಹಾಗೆ ಮಾಡಬಾರದಿತ್ತು."

೬. ಹನ್ನೊಂದು ಶ್ರೀಕಾರ

ಆ ವರ್ಷದ ನವೆಂಬರಿನಲ್ಲಿ ಒಂದು ಪರೀಕ್ಷೆಯನ್ನು ಮನೆಗೆ ಕೊಟ್ಟು ಕಳಿಸಿದೆ. ಪ್ರಶ್ನೆಗಳನ್ನು ತೆಗೆದುಕೊಂಡು ಹೋಗಿ, ಪುಸ್ತಕ ನೋಡಿಕೊಂಡು ತಾವೇ ಬರೆದು ಸೋಮವಾರ ತರಬೇಕು. ಬೇರೆಯವರನ್ನು ಕೇಳುವಂತಿಲ್ಲ. ತರಗತಿಯಲ್ಲಿ ಎಲ್ಲರ ಹತ್ತಿರ ಮಾತು ತೆಗೆದುಕೊಂಡಿದ್ದೆ. ಉತ್ತರಗಳನ್ನು ನಾನು ಕೈಯಲ್ಲಿ ಬರೆದು ಮೆಟ್ಟಿಲ ಕೆಳಗಿನ ಕೋಣೆಯ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಅದರ ಇನ್ನೊಂದು ಬೀಗದ ಕೈ ಕೋಚ್ ಆಫೀಸಿನಲ್ಲಿದೆ ಅಂತ ನನಗೆ ತಿಳಿದಿರಲಿಲ್ಲ.

ಸೋಮವಾರ ಸಂಜೆ ಉತ್ತರಪತ್ರಿಕೆಗಳನ್ನು ತಿದ್ದಲು ಕೂತೆ. ಮೊದಲನೆಯದನ್ನು ತೆಗೆದೆ. ಹಾಳೆಯ ಮೇಲ್ಗಡೆ ಮಧ್ಯದಲ್ಲಿ ‘ಶ್ರೀ’ ಅಂತ ಬರೆದಿತ್ತು.

ನನ್ನದೇ ಹಾಳೆ ಇದರಲ್ಲಿ ಸೇರಿಹೋಗಿದೆ ಅಂದುಕೊಂಡೆ. ಚಿಕ್ಕಂದಿನಿಂದ ಏನು ಬರೆದರೂ ಮೇಲೊಂದು ಶ್ರೀಕಾರ ಹಾಕಿ ಶುರುಮಾಡುವುದು ನನಗೆ ಅಭ್ಯಾಸ. ನಮ್ಮ ತಂದೆ ಕಲಿಸಿದ್ದು. ಹಾಳೆಯನ್ನು ಪಕ್ಕಕ್ಕಿಡಲು ಹೋದರೆ ಕೆಳಗೆ ಹೆಸರು ಬೇರೆ ಇದೆ, ನಮ್ಮ ತಂಡದ ಒಬ್ಬ ಹುಡುಗನದು. ಎರಡನೆಯದನ್ನು ತೆಗೆದೆ. ಅದರಲ್ಲೂ ಶ್ರೀ. ಮೂರನೆಯದರಲ್ಲೂ. ಒಬ್ಬನ ಶ್ರೀ ಮುರಿದ ಕುರ್ಚಿಯ ಹಾಗಿತ್ತು. ಇನ್ನೊಬ್ಬನದು ಬಸವನಹುಳು. ಮತ್ತೊಬ್ಬ ಅದನ್ನು ಇಂಗ್ಲಿಷಿನ ಮೂರರ ಹಾಗೆ ಮಾಡಿ, ಅನುಮಾನ ಬಂದು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ. ನನ್ನ ಉತ್ತರಗಳನ್ನು ಕದ್ದು, ಏನನ್ನೂ ಬಿಡಬಾರದೆಂದು ಶ್ರೀಯನ್ನೂ ನಕಲು ಮಾಡಿದ್ದರು. ಈ ವರ್ಷದ ತರಗತಿಯಲ್ಲೂ ತಂಡದವರು ಹನ್ನೆರಡು ಮಂದಿ, ಅವರಲ್ಲಿ ಹನ್ನೊಂದು ಮಂದಿಯ ಹಾಳೆಯಲ್ಲಿ ಶ್ರೀ ಇತ್ತು. ಉಳಿದ ಒಬ್ಬ ಜ್ವರ ಅಂತ ಪರೀಕ್ಷೆಯನ್ನೇ ಬರೆದಿರಲಿಲ್ಲ.

ಸಿಟ್ಟು ಬರಬೇಕಿತ್ತು. ಬಂತು, ಆದರೆ ಆಮೇಲೆ. ಮೊದಲು ಮಾಡಿದ್ದೇನೆಂದರೆ ಹನ್ನೊಂದು ಹಾಳೆಗಳನ್ನೂ ಮಂಚದ ಮೇಲೆ ಸಾಲಾಗಿ ಹರಡಿದೆ. ಅಮ್ಮನ ಕಾಗದ ಬಿಟ್ಟರೆ ಇನ್ನೊಬ್ಬರು ಕೈಯಲ್ಲಿ ಬರೆದ ಒಂದು ಕನ್ನಡ ಅಕ್ಷರವನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ಸ್ವಲ್ಪ ಹೊತ್ತು ಹಾಗೇ ನೋಡುತ್ತಾ ನಿಂತಿದ್ದೆ. ಕಳ್ಳತನದ್ದಾದರೇನು, ಅಕ್ಷರ ಅಕ್ಷರವೇ.

ಹನ್ನೊಂದನೆಯ ಹಾಳೆಯ ಶ್ರೀ ಮಾತ್ರ ಬೇರೆ ಇತ್ತು. ದುಂಡಗೆ, ಒತ್ತು ಸರಿಯಾಗಿ, ದೀರ್ಘ ಇರಬೇಕಾದಲ್ಲೇ ಇತ್ತು. ಅದು ಅರವತ್ತೇಳನದು. ಅವನು ಅದೇ ಕೋರ್ಸನ್ನು ಮೂರನೇ ಸಲ ತೆಗೆದುಕೊಂಡಿದ್ದ. ಬೇಸಿಗೆಯಲ್ಲಿ ಒಂದು ದಿನ ನಾನು ಹಾಳೆಯ ಮೇಲೆ ಇದನ್ನು ಬರೆಯುವುದನ್ನು ನೋಡಿ ಏನು ಅಂತ ಕೇಳಿದ್ದ. ಶುರುಮಾಡುವ ಮೊದಲು ಒಳ್ಳೆಯದಾಗಲಿ ಅಂತ ಬರೆಯುವುದು ಅಂದಿದ್ದೆ. "ನಮ್ಮಜ್ಜಿ ಬ್ರೆಡ್ಡಿನ ಹಿಟ್ಟಿನ ಮೇಲೆ ಒಲೆಗೆ ಹಾಕುವ ಮುಂಚೆ ಶಿಲುಬೆ ಗೀಚುತ್ತಾರೆ. ಹಾಗೆಯೇ ಅಲ್ಲವಾ?" ಅಂತ ಕೇಳಿ, ಕೈಹಿಡಿದು ಬರೆಸಿಕೊಂಡು ಕಲಿತಿದ್ದ.

ಇವನೂ ಕದ್ದನಲ್ಲ ಅಂದುಕೊಂಡೆ. ಕೆಳಗಿನ ಉತ್ತರಗಳನ್ನು ಓದಲು ಮನಸ್ಸೇ ಬರಲಿಲ್ಲ. ಹನ್ನೊಂದನ್ನೂ ಕಟ್ಟಿ ಮುಖ್ಯಸ್ಥರಿಗೆ ಕೊಟ್ಟೆ.

ವಿಚಾರಣೆ ನಡೆಯಿತು. ಡೀನ್, ನಮ್ಮ ಮುಖ್ಯಸ್ಥರು, ಕೋಚ್, ನಾನು. ಕೋಚ್ ಸಿದ್ಧವಾಗಿ ಬಂದಿದ್ದರು. "ಲೆಕ್ಕಕ್ಕೆ ಸರಿಯುತ್ತರ ಒಂದೇ ಇರುತ್ತದೆ. ಹನ್ನೊಂದು ಜನ ಕಷ್ಟಪಟ್ಟು ಓದಿದರೆ ಹನ್ನೊಂದು ಜನಕ್ಕೂ ಅದೇ ಉತ್ತರ ಬರಬೇಕು ತಾನೆ?" ಅಂದರು.

"ಬರಬೇಕು" ಅಂದೆ. "ಆದರೆ ಶ್ರೀ ಬರಬೇಕಾದರೆ ಹನ್ನೊಂದು ಜನವೂ ಮೈಸೂರಿನವರಾಗಿರಬೇಕು."

ಡೀನ್ ಹುಡುಗರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ಶ್ರೀಯನ್ನು ತೋರಿಸಿ ಏನಿದು ಅಂತ ಕೇಳಿದರು. ಮೊದಲನೆಯವನು ಅದು ಲೆಕ್ಕದಲ್ಲಿ ಬಳಸುವ ಸಿಗ್ಮಾ ಚಿಹ್ನೆಯ ಹೊಸ ಮಾದರಿ ಅಂದ. ಎರಡನೆಯವನು ಸೂತ್ರ ಅಂದ. ಮೂರನೆಯವನು ಬಹಳ ಹೊತ್ತು ನೋಡಿ, "ಈ ಹೆಜ್ಜೆಯನ್ನು ನಾನು ಮನಸ್ಸಿನಲ್ಲೇ ಮಾಡಿದೆ ಸರ್" ಅಂದ. ಪ್ರಶ್ನಾರ್ಥಕ ಚಿಹ್ನೆ ಹಾಕಿದವನು, "ಅದನ್ನೇ ನಾನು ಕೇಳೋಣ ಅಂತಿದ್ದೆ" ಅಂದ. ಹೀಗೆ ಹತ್ತು ಜನರಿಂದ ಹತ್ತು ಉತ್ತರ ಬಂತು. ಮುಖ್ಯಸ್ಥರು ಪೈಪ್ ಕಚ್ಚಿಕೊಂಡು ಕಿಟಕಿಯ ಕಡೆ ತಿರುಗಿ ಕೂತಿದ್ದರು, ಭುಜ ಮಾತ್ರ ಕುಲುಕುತ್ತಿತ್ತು.

ಕೊನೆಗೆ ಅರವತ್ತೇಳು ಬಂದ. ಬಾಗಿಲಲ್ಲಿ ಸ್ವಲ್ಪ ಓರೆಯಾಗಿ ನುಗ್ಗಬೇಕಾಯಿತು. ಹಾಳೆ ನೋಡಿ, "ಇದು ಶ್ರೀ" ಅಂದ. ಉಚ್ಚಾರಣೆಯೂ ಸರಿಯಾಗಿತ್ತು. "ಬರೆಯೋ ಮೊದಲು ಹಾಕುತ್ತಾರೆ, ಉತ್ತರ ಸರಿ ಬರಲಿ ಅಂತ."

"ಬಂತಾ?" ಅಂದರು ಡೀನ್.

"ಗೊತ್ತಿಲ್ಲ ಸರ್. ನನಗೆ ಬಂದ ಹಾಗೆ ಬರೆದಿದ್ದೇನೆ."

ಆಗ ನಾನು ಅವನ ಹಾಳೆಯನ್ನು ಮೊದಲ ಸಲ ಪೂರ್ತಿ ಓದಿದೆ. ಉಳಿದ ಹತ್ತು ಹಾಳೆಗಳ ಉತ್ತರ ಚಾಚೂ ತಪ್ಪದೆ ನನ್ನವೇ. ಇವನ ಎಂಟು ಉತ್ತರಗಳಲ್ಲಿ ಐದು ತಪ್ಪು. ಬೇರೆ ಯಾರಿಂದಲೂ ನಕಲು ಮಾಡಲಿಕ್ಕೆ ಸಾಧ್ಯವಿಲ್ಲದಂಥ, ಇವನೊಬ್ಬನೇ ಮಾಡಬಹುದಾದ ತಪ್ಪುಗಳು. ಓದುತ್ತಾ ಓದುತ್ತಾ ನನಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ನಿಂತುಬಿಟ್ಟೆ.

"ಸರ್, ಇವನು ಕದ್ದಿಲ್ಲ" ಅಂದೆ ಡೀನ್‌ಗೆ. "ನೋಡಿ, ಎಷ್ಟೊಂದು ತಪ್ಪು."

ಕೋಚ್ ಮುಖ ಅರಳಿತು. "ಹಾಗಾದರೆ ಇವನು ಪಾಸಾ?"

"ಇಲ್ಲ. ಇವನು ಪ್ರಾಮಾಣಿಕವಾಗಿ ಫೇಲು."

ಹತ್ತು ಜನರಿಗೆ ಸೊನ್ನೆ ಬಂತು, ಮುಂದಿನ ಸೀಸನ್ನಿನ ಅರ್ಹತೆ ಹೋಯಿತು. ಕೋಚ್ ಬೇಸಿಗೆಯೊಳಗೆ ಬೇರೆ ಕಾಲೇಜಿಗೆ ಹೋದರು, ಬೀಳ್ಕೊಡುಗೆಯ ದಿನ ನನ್ನ ಕೈಕುಲುಕಿ ತಮ್ಮ ತಾಯಿ ನನ್ನನ್ನು ವಿಚಾರಿಸಿದರು ಅಂತ ಹೇಳಿದರು. ಮಾರ್ಚಿನಲ್ಲಿ ನನ್ನ ಕಾಗದ ಬಂತು. ಅರವತ್ತೇಳು ವರ್ಷದ ಪರೀಕ್ಷೆಗೆ ಚೆನ್ನಾಗಿ ಓದಿ, ಈ ಎಲ್ಲವನ್ನೂ ಸೇರಿಸಿ ಸರಿಯಾಗಿ ಅರವತ್ತೊಂದು ತೆಗೆದು ಪಾಸಾದ. ನಾಲ್ಕು ಸಲ ಕೂಡಿಸಿ ನೋಡಿದ್ದೇನೆ.

ಆದರೆ ಆ ವಿಚಾರಣೆಯ ದಿನದ ಕೊನೆಯ ಮಾತನ್ನು ಹೇಳದೆ ಮುಗಿಸಬಾರದು. ಕೋಚ್ ಹೋದ ಮೇಲೆ ನಮ್ಮ ಮುಖ್ಯಸ್ಥರು ಅರವತ್ತೇಳನ ಹಾಳೆಯನ್ನು ಕೈಗೆತ್ತಿಕೊಂಡು ಶ್ರೀಯನ್ನು ಬೆರಳಿನಿಂದ ತೋರಿಸಿ ನನ್ನನ್ನು ಕೇಳಿದರು: "ಲೆಕ್ಕ ಹಾಗಿರಲಿ. ಇದಾದರೂ ಸರಿಯಾಗಿ ಬರೆದಿದ್ದಾನಾ?"

"ಬಹಳ ಚೆನ್ನಾಗಿ ಬರೆದಿದ್ದಾನೆ ಸರ್. ನಮ್ಮೂರಿನಲ್ಲಾಗಿದ್ದರೆ ಪೂರ್ತಿ ಅಂಕ."

"ನಮ್ಮ ಕಾಲೇಜಿನಲ್ಲಿ ನಿಮ್ಮ ಭಾಷೆ ಕಲಿಯುತ್ತಿರುವವರು ಎಷ್ಟು ಜನ?"

"ಇವನೊಬ್ಬನೇ."

ಮುಖ್ಯಸ್ಥರು ಎದ್ದು, ಗಂಭೀರವಾಗಿ ಅರವತ್ತೇಳನ ಕೈಕುಲುಕಿದರು. "ಅಭಿನಂದನೆ. ಸಂಖ್ಯಾಶಾಸ್ತ್ರದಲ್ಲಿ ನೀನು ಫೇಲು. ಕನ್ನಡದಲ್ಲಿ ಕಾಲೇಜಿಗೇ ಮೊದಲನೆಯವನು."

ಅರವತ್ತೇಳು ಆ ಸುದ್ದಿಯನ್ನು ನಿಧಾನವಾಗಿ ಒಳಗೆ ತೆಗೆದುಕೊಂಡ. ಆಮೇಲೆ ನನ್ನ ಕಡೆ ಬಗ್ಗಿ, ಬಹಳ ವಿನಯದಿಂದ ಕೇಳಿದ:

"ಪ್ರೊಫ್, ಫುಟ್‌ಬಾಲ್ ಆಡೋಕೆ ಕನ್ನಡ ಸಾಕಾಗುತ್ತಾ?"